ಅವ್ವನ ಕತೆ ಎಂ.ಎ. ಪ್ರಾಜೆಕ್ಟ್ ಆಗುತ್ತದೆಯೇ? ಸ್ವಾನುಭವದ ಸೃಜನಶೀಲ ಪ್ರಬಂಧಗಳ ಬಗ್ಗೆ ತಿಳಿಯಬೇಕಾದದ್ದು

ನಾನು ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಸ್ನಾತಕೋತ್ತರ ತರಗತಿಗಳಿಗೆ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುತ್ತೇನೆ. ಕೊನೆಯ ಸೆಮಿಸ್ಟರ್ ಹತ್ತಿರ ಬಂತೆಂದರೆ ಪ್ರತಿ ವರ್ಷ ಒಂದು ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಬೇರೆಬೇರೆ, ಪ್ರಶ್ನೆ ಮಾತ್ರ ಒಂದೇ. "ಸರ, ಪ್ರಾಜೆಕ್ಟಿಗೆ ನಮ್ಮವ್ವನ ಕತಿ ಬರೀಲೇನ್ರಿ?"

'ನಿಯಮದಲ್ಲಿ ಇಲ್ಲಪ್ಪ, ಯಾವುದಾದರೂ ಕಾದಂಬರಿ ತಗೊಂಡು ವಿಮರ್ಶೆ ಬರಿ' ಅಂತ ಹೇಳಿ ಕಳಿಸುವುದು ಸುಲಭ. ನಮ್ಮಲ್ಲಿ ಬಹುತೇಕ ಆಗುವುದೂ ಅದೇ. ಆದರೆ ಇದೇ ಪ್ರಶ್ನೆಗೆ ಬೇರೆ ಕಡೆ 'ಆಗುತ್ತದೆ' ಎಂಬ ಉತ್ತರ ಸಿಕ್ಕು ನೂರು ವರ್ಷ ದಾಟಿದೆ. ಸ್ವಂತ ಬದುಕನ್ನು ಬರೆದು ಪದವಿ ಪಡೆಯುವುದು ಹೇಗೆ ಸಾಧ್ಯವಾಯಿತು, ಅದರ ಷರತ್ತುಗಳೇನು, ಅದರಿಂದ ಯಾರಿಗೆ ಲಾಭ, ಯಾರಿಗೆ ಪೆಟ್ಟು ಎಂಬುದನ್ನು ಒಂದೆಡೆ ಹೇಳಿಡುವ ಪ್ರಯತ್ನ ಈ ಬರಹ.

ಏನಿದು ಸೃಜನಶೀಲ ಪ್ರಬಂಧ?

ಸಾಮಾನ್ಯವಾಗಿ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಪದವಿಗಾಗಿ ಸಂಶೋಧನಾ ಪ್ರಬಂಧ ಸಲ್ಲಿಸುತ್ತಾರೆ. ಅದರ ಬದಲು ಕಥಾಸಂಕಲನ, ಕವನ ಸಂಕಲನ, ಕಾದಂಬರಿಯ ಭಾಗ, ಆತ್ಮಕಥನ ಅಥವಾ ನಾಟಕವನ್ನು ಸಲ್ಲಿಸಿದರೆ ಅದು ಸೃಜನಶೀಲ ಪ್ರಬಂಧ. ಅಮೆರಿಕದಲ್ಲಿ ಇದು ಹೆಚ್ಚಾಗಿ ಎಂ.ಎಫ್.ಎ. ಪದವಿಗೆ ಸಂಬಂಧಿಸಿದ್ದು. ಎರಡು ಅಥವಾ ಮೂರು ವರ್ಷದ ಓದು, ವಾರವಾರವೂ ವರ್ಕ್‌ಶಾಪ್, ಕೊನೆಗೆ ಒಂದು ಹಸ್ತಪ್ರತಿ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಒಂದು ವರ್ಷದ ಎಂ.ಎ. ಇರುತ್ತದೆ. ಅಲ್ಲಿ ಪಿಎಚ್.ಡಿ.ಯೂ ಉಂಟು. ಅದಕ್ಕೆ ಕೃತಿಯ ಜೊತೆಗೆ ಒಂದು ವಿಮರ್ಶಾತ್ಮಕ ಭಾಗವನ್ನೂ ಬರೆಯಬೇಕು. ಈ ಕೃತಿ ಯಾವ ಪರಂಪರೆಯಲ್ಲಿ ನಿಲ್ಲುತ್ತದೆ, ಯಾಕೆ ಈ ರೂಪ, ಯಾವ ಓದು ಇದರ ಹಿಂದಿದೆ ಎಂದು ಬರೆದವರೇ ವಿವರಿಸಬೇಕು.

ವರ್ಕ್‌ಶಾಪ್ ಅಂದರೆ ಏನು ದೊಡ್ಡ ವಿದ್ಯೆ ಅಲ್ಲ. ಹತ್ತು ಹನ್ನೆರಡು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರ ಬರಹವನ್ನು ಎಲ್ಲರೂ ಮೊದಲೇ ಓದಿಕೊಂಡು ಬಂದಿರುತ್ತಾರೆ. ಅದರ ಬಗ್ಗೆ ಚರ್ಚೆ ನಡೆಯುತ್ತದೆ. ಹಳೆಯ ಪದ್ಧತಿಯಲ್ಲಿ ಬರೆದವರು ಆ ಹೊತ್ತು ಬಾಯಿ ಬಿಡುವಂತಿಲ್ಲ, ಕೇಳಿಸಿಕೊಂಡು ಟಿಪ್ಪಣಿ ಮಾಡಿಕೊಳ್ಳಬೇಕು ಅಷ್ಟೆ. ಈ ಮೌನದ ನಿಯಮ ಮುಂದೆ ದೊಡ್ಡ ಜಗಳಕ್ಕೆ ಕಾರಣವಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಅಯೋವಾದಲ್ಲಿ ಶುರುವಾದದ್ದು

ಅಮೆರಿಕದ ಮಧ್ಯಭಾಗದ, ಜೋಳ ಬೆಳೆಯುವ ರಾಜ್ಯ ಅಯೋವಾ. ಅಲ್ಲಿನ ವಿಶ್ವವಿದ್ಯಾಲಯ 1922ರಲ್ಲಿ ಉನ್ನತ ಪದವಿಗಳಿಗೆ ಸೃಜನಶೀಲ ಕೃತಿಯನ್ನೂ ಪ್ರಬಂಧವಾಗಿ ಒಪ್ಪುವುದಾಗಿ ಪ್ರಕಟಿಸಿತು. ಕತೆ, ಕವಿತೆ ಬರೆಯುವುದು ಪ್ರತಿಭೆಯ ವಿಷಯ, ಅದಕ್ಕೆ ಪದವಿ ಎಂಥದ್ದು ಎನ್ನುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಾಗಿರಲಿಲ್ಲ. 1936ರಲ್ಲಿ ವಿಲ್ಬರ್ ಶ್ರಾಮ್ ನೇತೃತ್ವದಲ್ಲಿ ಅಯೋವಾ ರೈಟರ್ಸ್ ವರ್ಕ್‌ಶಾಪ್ ರೂಪುಗೊಂಡಿತು. 1941ರಿಂದ 1965ರವರೆಗೆ ಕವಿ ಪಾಲ್ ಎಂಗಲ್ ಅದನ್ನು ನಡೆಸಿದರು. ಅಮೆರಿಕದ ಉಳಿದ ವಿಶ್ವವಿದ್ಯಾಲಯಗಳು ನಂತರ ಆ ಮಾದರಿಯನ್ನು ಹಿಡಿದವು.

ಅಲ್ಲಿಂದ ಮನೆಮಾತಾದ ಒಂದು ಸೂತ್ರ ಇದೆ: ನಿನಗೆ ಗೊತ್ತಿರುವುದನ್ನು ಬರಿ. ಯುದ್ಧಾನಂತರದ ಅಮೆರಿಕನ್ ಸಾಹಿತ್ಯವನ್ನು ಈ ಕೋರ್ಸುಗಳು ಹೇಗೆ ರೂಪಿಸಿದವು ಎಂದು ವಿದ್ವಾಂಸ ಮಾರ್ಕ್ ಮೆಕ್‌ಗರ್ಲ್ 2009ರ 'ದ ಪ್ರೋಗ್ರಾಂ ಎರಾ' ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಆ ಕೋರ್ಸುಗಳ ಮೂಲಮಂತ್ರಗಳಲ್ಲಿ ಇದೂ ಒಂದು. ಸ್ವಾನುಭವ ಪಠ್ಯಕ್ರಮದೊಳಗೆ ಬಂದದ್ದು ಈ ಬಾಗಿಲಿನಿಂದ.

ಆದರೆ 'ಗೊತ್ತಿರುವುದು' ಅಂದರೆ ನಾನು ಕಣ್ಣಾರೆ ಕಂಡದ್ದು ಮಾತ್ರವೇ? ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಒಬ್ಬ ಕಪ್ಪು ಮಹಿಳೆಯದ್ದು.

ಅಜ್ಜಿ ಹೇಳಿದ ಕತೆಗೆ ಪಿಎಚ್.ಡಿ.

ಮಾರ್ಗರೆಟ್ ವಾಕರ್ ಹುಟ್ಟಿದ್ದು 1915ರಲ್ಲಿ, ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನಲ್ಲಿ. 1940ರಲ್ಲಿ ಅಯೋವಾದಲ್ಲಿ ಎಂ.ಎ. ಪದವಿಗಾಗಿ ಅವರು ಸಲ್ಲಿಸಿದ್ದು ಒಂದು ಕವನ ಸಂಕಲನ. ಅದೇ 1942ರಲ್ಲಿ 'ಫಾರ್ ಮೈ ಪೀಪಲ್' ಎಂಬ ಹೆಸರಿನಲ್ಲಿ ಪ್ರಕಟವಾಗಿ, ಹೊಸ ಕವಿಗಳಿಗೆ ಯೇಲ್ ವಿಶ್ವವಿದ್ಯಾಲಯದವರು ಕೊಡುವ ಪ್ರಶಸ್ತಿ ಪಡೆಯಿತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಮಹಿಳೆ ಅವರು.

ಎರಡು ದಶಕ ಕಳೆದ ಮೇಲೆ, ಮಕ್ಕಳ ತಾಯಿಯಾಗಿ, ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದವರು ಮತ್ತೆ ಅಯೋವಾಕ್ಕೆ ಬಂದರು. ಈ ಸಲ ಪಿಎಚ್.ಡಿ.ಗೆ. 1965ರಲ್ಲಿ ಪ್ರಬಂಧವಾಗಿ ಸಲ್ಲಿಸಿದ್ದು ಒಂದು ಕಾದಂಬರಿ. ಅದು 1966ರಲ್ಲಿ 'ಜುಬಿಲಿ' ಎಂಬ ಹೆಸರಿನಲ್ಲಿ ಹೊರಬಂತು. ಅದರ ನಾಯಕಿ ವೈರಿ ಗುಲಾಮಗಿರಿಯಲ್ಲಿ ಹುಟ್ಟಿದವಳು. ಅಂತರ್ಯುದ್ಧ ನೋಡಿದವಳು. ಬಿಡುಗಡೆಯಾದ ಮೇಲೂ ನೆಲೆ ಹುಡುಕುತ್ತಾ ಊರೂರು ಅಲೆದವಳು. ಈ ಪಾತ್ರಕ್ಕೆ ಮಾದರಿ ವಾಕರ್ ಅವರ ಮುತ್ತಜ್ಜಿ. ಆ ಕತೆಯನ್ನು ಚಿಕ್ಕಂದಿನಲ್ಲಿ ಮೊಮ್ಮಗಳಿಗೆ ಹೇಳಿದ್ದು ಅಜ್ಜಿ.

ಇಲ್ಲಿ ನಾವು ಗಮನಿಸಬೇಕಾದ ವಿಷಯ ಬೇರೆಯೇ ಇದೆ. ವಾಕರ್ ಈ ಕಾದಂಬರಿಯನ್ನು ಶುರು ಮಾಡಿದ್ದು ಕಾಲೇಜು ವಿದ್ಯಾರ್ಥಿನಿಯಾಗಿದ್ದಾಗ, ಹತ್ತೊಂಬತ್ತರ ಹರೆಯದಲ್ಲಿ. ಮುಗಿಸಲು ಮೂವತ್ತು ವರ್ಷ ಹಿಡಿಯಿತು. ಅಜ್ಜಿ ಹೇಳಿದ್ದು ಕೈಯಲ್ಲಿತ್ತು, ಆದರೂ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಗುಲಾಮಗಿರಿಯ ಕಾಲದ ದಾಖಲೆ, ಗುಲಾಮರ ಆತ್ಮಕಥನ, ಅಂತರ್ಯುದ್ಧದ ಇತಿಹಾಸ ಎಲ್ಲವನ್ನೂ ಓದಿದರು. ಜಾರ್ಜಿಯಾಕ್ಕೆ ಹೋಗಿ ಮುತ್ತಜ್ಜಿ ಬದುಕಿದ್ದ ಜಾಗಗಳನ್ನು ನೋಡಿ ಬಂದರು. ಈ ಹುಡುಕಾಟವನ್ನೆಲ್ಲ ಮುಂದೆ ಒಂದು ಪ್ರಬಂಧದಲ್ಲಿ ಹೇಳಿಕೊಂಡರು.

ಅಂದರೆ ಮನೆಯ ಕತೆಗೆ ಪಿಎಚ್.ಡಿ. ಸಿಕ್ಕಿದ್ದು ಅದು ಮನೆಯ ಕತೆ ಎಂಬ ಕಾರಣಕ್ಕಲ್ಲ, ದುಃಖದ ಕತೆ ಎಂಬ ಕಾರಣಕ್ಕೂ ಅಲ್ಲ. ಅನುಭವದ ಮೇಲೆ ಅವರು ಹಾಕಿದ ದುಡಿಮೆಗೆ. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದೇ ಇದನ್ನು: ಅವ್ವ ಬದುಕಿದ್ದಕ್ಕೆ ಅಂಕ ಅವ್ವನಿಗೆ, ನೀ ಬರೆದದ್ದಕ್ಕೆ ಅಂಕ ನಿನಗೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಒಬ್ಬ ಕನ್ನಡದ ವಿದ್ಯಾರ್ಥಿ

ವಾಕರ್ ಹುಟ್ಟಿದ ಊರಿನ ಹೆಸರೇ ಇರುವ ಇಂಗ್ಲೆಂಡಿನ ಇನ್ನೊಂದು ಊರಿಗೆ 1963ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರೊಬ್ಬರು ಪಿಎಚ್.ಡಿ. ಮಾಡಲು ಹೋದರು. ಯು.ಆರ್. ಅನಂತಮೂರ್ತಿ. ಪದವಿಗೆ ಅವರು ಆರಿಸಿಕೊಂಡ ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿಗಳು ಮತ್ತು ರಾಜಕಾರಣ. 1966ರಲ್ಲಿ ಪದವಿ ಬಂತು. ಆ ಪ್ರಬಂಧವನ್ನು ಇವತ್ತು ಓದುವವರು ಎಷ್ಟು ಜನ?

ಅದೇ ಬರ್ಮಿಂಗ್‌ಹ್ಯಾಮಿನಲ್ಲಿ, ಅದೇ ವರ್ಷಗಳಲ್ಲಿ ಅವರು ಇನ್ನೊಂದನ್ನು ಬರೆದರು. ಅದು ಕನ್ನಡದಲ್ಲಿ, ಯಾವ ಪದವಿಗೂ ಸಂಬಂಧ ಇಲ್ಲದೆ. 1965ರಲ್ಲಿ ಪ್ರಕಟವಾದ 'ಸಂಸ್ಕಾರ'. ಅದು ಹೇಗೆ ಹುಟ್ಟಿತು ಎಂದು ಅನಂತಮೂರ್ತಿಯವರೇ ಹಲವು ಸಲ ಹೇಳಿಕೊಂಡಿದ್ದಾರೆ. ಅಧ್ಯಾಪಕರಾಗಿದ್ದ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿ ಜೊತೆ ಇಂಗ್ಮರ್ ಬರ್ಗ್‌ಮನ್ನರ 'ದ ಸೆವೆಂತ್ ಸೀಲ್' ಸಿನಿಮಾ ನೋಡಿದರು. ಪ್ಲೇಗು ಹರಡಿದ ಮಧ್ಯಯುಗದ ಯುರೋಪಿನ ಕತೆ ಅದು. ಯುರೋಪಿನವರು ಆ ಕಾಲವನ್ನು ಓದಿ ಕಲ್ಪಿಸಿಕೊಳ್ಳಬೇಕು, ನಮ್ಮಲ್ಲಿ ಅದು ಇನ್ನೂ ಬದುಕಿನ ಭಾಗವಾಗಿಯೇ ಇದೆ ಎಂಬ ಮಾತು ಅಲ್ಲಿ ಬಂತು. ಹಾಗಿದ್ದರೆ ಅದನ್ನೇ ಬರಿ ಎಂಬ ಒತ್ತಾಸೆ ಬ್ರಾಡ್‌ಬರಿಯವರದ್ದು. ಬಾಲ್ಯದಲ್ಲಿ ಕಂಡ ಅಗ್ರಹಾರ, ಪ್ಲೇಗಿನ ನೆನಪು, ಜಾತಿಯ ಕಟ್ಟುಪಾಡು ಎಲ್ಲ ಕಾದಂಬರಿಯಾಗಿ ಬಂದದ್ದು ಹೀಗೆ.

ಈ ಕತೆಗೆ ಇನ್ನೊಂದು ತುದಿ ಇದೆ, ಅದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಬ್ರಾಡ್‌ಬರಿ 1965ರಲ್ಲಿ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1970ರಲ್ಲಿ ಕಾದಂಬರಿಕಾರ ಆಂಗಸ್ ವಿಲ್ಸನ್ ಜೊತೆ ಸೇರಿ ಅಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ಶುರು ಮಾಡಿದರು. ಬ್ರಿಟನ್ನಿನಲ್ಲಿ ಈ ಬಗೆಯ ಕೋರ್ಸುಗಳಿಗೆ ಅದೇ ಬುನಾದಿ. ಮೊದಲ ವಿದ್ಯಾರ್ಥಿ ಇಯಾನ್ ಮೆಕ್‌ಇವಾನ್. ಮುಂದೆ ನೊಬೆಲ್ ಪಡೆದ ಕಜುವೊ ಇಶಿಗುರೊ 1980ರಲ್ಲಿ ಅಲ್ಲಿಂದಲೇ ಎಂ.ಎ. ಮಾಡಿದರು. ಐದನೇ ವಯಸ್ಸಿಗೆ ಜಪಾನ್ ಬಿಟ್ಟ ಇಶಿಗುರೊ ಆ ಓದಿನ ವರ್ಷದಲ್ಲಿ ತಾನು ಹುಟ್ಟಿದ ನಾಗಾಸಾಕಿಯ ಬಗ್ಗೆ ಬರೆಯತೊಡಗಿದರು. ಮನಸ್ಸಿನಲ್ಲಿದ್ದ ಜಪಾನ್ ಅಳಿಸಿಹೋಗುವ ಮೊದಲು ಅದನ್ನು ಕಾಗದದ ಮೇಲೆ ಉಳಿಸಿಕೊಳ್ಳುವ ತುರ್ತು ತನಗಿತ್ತು ಎಂದು 2017ರ ನೊಬೆಲ್ ಭಾಷಣದಲ್ಲಿ ಅವರೇ ಹೇಳಿದ್ದಾರೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರೂ ತಮ್ಮ ಬಾಲ್ಯದ ಊರನ್ನು ದೂರದ ಇಂಗ್ಲೆಂಡಿನಲ್ಲಿ ಕೂತು ಬರೆದರು. ಹದಿನೈದು ವರ್ಷದ ಅಂತರದಲ್ಲಿ ವಿಶ್ವವಿದ್ಯಾಲಯದ ಕಣ್ಣು ಬದಲಾಗಿತ್ತು. ಇಶಿಗುರೊಗೆ ಅದು ಓದಿನ ಭಾಗ. ಅನಂತಮೂರ್ತಿಗೆ ಅದು ಓದಿನಿಂದ ಕದ್ದ ಸಮಯ. ನಮ್ಮ ವಿಶ್ವವಿದ್ಯಾಲಯಗಳು ಬಹುಪಾಲು ಇನ್ನೂ ಅನಂತಮೂರ್ತಿಯವರ 1963ರಲ್ಲೇ ನಿಂತಿವೆ.

ಕೋಣೆಯಲ್ಲಿ ಯಾರು ಕೂತಿದ್ದಾರೆ?

ಹಾಗಂತ ಅಲ್ಲಿ ಎಲ್ಲವೂ ಸರಿಯಿತ್ತು ಅಂದುಕೊಳ್ಳಬೇಡಿ. ಸಾಂಡ್ರಾ ಸಿಸ್ನೆರೋಸ್ ಷಿಕಾಗೋದ ಮೆಕ್ಸಿಕನ್ ಮೂಲದ ಕುಟುಂಬದವರು. ಬಾಡಿಗೆ ಮನೆಗಳಲ್ಲಿ ಬೆಳೆದವರು. 1970ರ ದಶಕದ ಕೊನೆಯಲ್ಲಿ ಅಯೋವಾದಲ್ಲಿ ಕಾವ್ಯದ ವಿದ್ಯಾರ್ಥಿನಿಯಾಗಿದ್ದಾಗ ಒಂದು ತರಗತಿಯಲ್ಲಿ ಫ್ರೆಂಚ್ ಚಿಂತಕ ಗಾಸ್ತೋಂ ಬಾಶಲಾರನ ಪುಸ್ತಕ ಇಟ್ಟುಕೊಂಡು 'ನೆನಪಿನ ಮನೆ'ಯ ಬಗ್ಗೆ ಚರ್ಚೆ ನಡೆಯುತ್ತಿತ್ತು. ಅಟ್ಟ, ನೆಲಮಾಳಿಗೆ, ಮೆಟ್ಟಿಲು ಅಂತ ಸಹಪಾಠಿಗಳು ಮಾತಾಡುತ್ತಿದ್ದರು. ಇವರಿಗೆ ಅಂಥ ಮನೆಯೇ ಗೊತ್ತಿರಲಿಲ್ಲ. ಮೊದಲು ಅವಮಾನವಾಯಿತು, ಆಮೇಲೆ ಸಿಟ್ಟು ಬಂತು. ಇವರ್ಯಾರೂ ಬರೆಯಲಾಗದ್ದು ನನ್ನ ಹತ್ತಿರ ಇದೆ ಎಂದು ಹೊಳೆದದ್ದು ಆಗ. ಅಲ್ಲಿಂದ ಶುರುವಾದದ್ದು 1984ರಲ್ಲಿ ಪ್ರಕಟವಾದ 'ದ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್'. ಇದೂ ಹುಟ್ಟಿದ್ದು ತರಗತಿಗೆ ಬೆನ್ನು ಮಾಡಿಯೇ.

ಡೊಮಿನಿಕನ್ ಮೂಲದ ಜುನೊ ಡಿಯಾಸ್ 2014ರಲ್ಲಿ ಬರೆದ ಲೇಖನವೊಂದು ಅಮೆರಿಕದಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. ತಾನು ಎಂ.ಎಫ್.ಎ. ಮಾಡಿದಾಗ ಕೋಣೆಯಲ್ಲಿ ಬಹುತೇಕ ಬಿಳಿಯರೇ, ಜನಾಂಗದ ವಿಷಯವನ್ನು ಸಾಹಿತ್ಯದ ವಿಷಯವೆಂದೇ ಒಪ್ಪುತ್ತಿರಲಿಲ್ಲ ಎಂಬುದು ಅವರ ದೂರಿನ ಸಾರ. ಇಂಥ ಕೋಣೆಯಲ್ಲಿ ಮೌನದ ನಿಯಮ ಹೇಗೆ ಕೆಲಸ ಮಾಡುತ್ತದೆ ಯೋಚಿಸಿ. ನಿಮ್ಮ ಬದುಕಿನ ಬಗ್ಗೆ ಏನೂ ಗೊತ್ತಿಲ್ಲದ ಹತ್ತು ಜನ 'ಇದು ನಂಬೋ ಹಾಗಿಲ್ಲ' ಅನ್ನುತ್ತಾರೆ. ನೀವು ಸುಮ್ಮನೆ ಕೂತಿರಬೇಕು. 2021ರಲ್ಲಿ ಬಂದ ಮ್ಯಾಥ್ಯೂ ಸಲೆಸಸ್ ಅವರ 'ಕ್ರಾಫ್ಟ್ ಇನ್ ದ ರಿಯಲ್ ವರ್ಲ್ಡ್' ಮತ್ತು ಫೆಲೀಶಿಯಾ ರೋಸ್ ಚಾವೆಸ್ ಅವರ 'ದ ಆ್ಯಂಟಿ-ರೇಸಿಸ್ಟ್ ರೈಟಿಂಗ್ ವರ್ಕ್‌ಶಾಪ್' ಈ ಪದ್ಧತಿಯನ್ನೇ ಪ್ರಶ್ನಿಸಿ, ಬರೆದವರೇ ಪ್ರಶ್ನೆ ಕೇಳಿ ಚರ್ಚೆ ನಡೆಸುವಂಥ ಬೇರೆ ದಾರಿಗಳನ್ನು ಮುಂದಿಟ್ಟವು.

ನಮ್ಮ ತರಗತಿಯಲ್ಲಿ ಜನಾಂಗದ ಜಾಗದಲ್ಲಿ ಜಾತಿ ಕೂತಿರುತ್ತದೆ. ಹೊಲಗೇರಿಯಿಂದ ಬಂದ ಹುಡುಗ ತನ್ನ ಕೇರಿಯ ಬಗ್ಗೆ ಬರೆದದ್ದನ್ನು 'ಭಾಷೆ ಒರಟಾಯ್ತು' ಎಂದು ತಿದ್ದುವವರು ಇದ್ದೇ ಇರುತ್ತಾರೆ. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ. 'ನೀನು ನಿನ್ನ ಜಾತಿಯ ಅನುಭವ ಬರಿ, ಚೆನ್ನಾಗಿ ಬರುತ್ತೆ' ಎಂದು ಮೇಷ್ಟ್ರೇ ಹೇಳಿದರೆ ಅದು ಪ್ರೋತ್ಸಾಹವಾಗಿ ಉಳಿಯುವುದಿಲ್ಲ, ಅಂಕ ಕೊಡುವವರ ಬಾಯಿಂದ ಬಂದ ಅಪ್ಪಣೆಯಾಗುತ್ತದೆ. ಗಾಯ ತೋರಿಸುವುದು ಪಠ್ಯಕ್ರಮ ಆಗಬಾರದು. ಆ ಹುಡುಗನಿಗೆ ಚಂದ್ರನ ಬಗ್ಗೆ ಕವಿತೆ ಬರೆಯುವ ಹಕ್ಕೂ ಇದೆ.

ಕತೆ ನಿಮ್ಮದು, ಅದರೊಳಗಿನ ಜನ?

ಸ್ವಾನುಭವ ಎಂಬ ಪದದಲ್ಲೇ ಒಂದು ಮೋಸ ಇದೆ. 'ಸ್ವ' ಎಂದರೂ ಅದರೊಳಗೆ ಅಪ್ಪ, ಅವ್ವ, ಅಕ್ಕ, ಓಣಿಯವರು ಎಲ್ಲ ಇರುತ್ತಾರೆ. ಅವರ್ಯಾರೂ ಪ್ರಾಜೆಕ್ಟಿಗೆ ಸಹಿ ಹಾಕಿರುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ಯಾರೊಲಿನ್ ಎಲ್ಲಿಸ್ ಅವರ ಉದಾಹರಣೆ ಇಲ್ಲಿ ಉಪಯುಕ್ತ. ವಿದ್ಯಾರ್ಥಿನಿಯಾಗಿದ್ದ ಕಾಲದಿಂದ ಅವರು ಚೆಸಾಪೀಕ್ ಕೊಲ್ಲಿಯ ಮೀನುಗಾರರ ನಡುವೆ ಓಡಾಡಿ, ಅವರ ಮನೆಗಳಲ್ಲಿ ಉಂಡು, ಸ್ನೇಹ ಬೆಳೆಸಿ, 1986ರಲ್ಲಿ 'ಫಿಶರ್ ಫೋಕ್' ಎಂಬ ಅಧ್ಯಯನ ಪ್ರಕಟಿಸಿದರು. ಊರಿನವರು ಅದನ್ನು ಓದುವುದಿಲ್ಲ ಎಂಬ ಎಣಿಕೆ. ಆದರೆ ಪುಸ್ತಕದ ಭಾಗಗಳು ಬೇರೆಯವರ ಮೂಲಕ ಆ ಜನರ ಕಿವಿಗೆ ಬಿದ್ದವು. ಮನೆಮಗಳಂತೆ ನೋಡಿಕೊಂಡವರಿಗೆ ಮೋಸವಾಯಿತು ಅನ್ನಿಸಿತು. ಆಮೇಲೆ ಎಲ್ಲಿಸ್ ಅವರೇ ಇದರ ಬಗ್ಗೆ ಬರೆದು, ಆತ್ಮೀಯರ ಬಗ್ಗೆ ಬರೆಯುವಾಗಿನ ನೈತಿಕತೆ ಹೇಗಿರಬೇಕು ಎಂಬ ಚರ್ಚೆಯನ್ನೇ ಮುಂದುವರಿಸಿದರು.

ನನ್ನ ವಿದ್ಯಾರ್ಥಿನಿಯೊಬ್ಬಳು ಅಪ್ಪನ ಕುಡಿತದ ಬಗ್ಗೆ ಬರೆಯುತ್ತಿದ್ದಳು. ಅವ್ವನಿಗೆ ಓದಿ ಹೇಳು ಎಂದೆ. ಅವ್ವ ಪೂರ್ತಿ ಕೇಳಿ ಅಂದರಂತೆ: "ಬರೀವ್ವ, ಸುಳ್ಳೇನಲ್ಲ. ಆದ್ರ ಊರ ಹೆಸರು ಬ್ಯಾಡ. ನಿನ್ನ ತಂಗೀದು ಲಗ್ನ ಇನ್ನೂ ಆಗಬೇಕು." ಓದು ಬರಹ ಬಾರದ ಆ ತಾಯಿ ಹೇಳಿದ್ದಕ್ಕಿಂತ ಸ್ಪಷ್ಟವಾದ ಸಂಶೋಧನಾ ನೀತಿಯನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ. ಹುಡುಗಿ ಊರು ಬದಲಿಸಿದಳು, ಎರಡು ಪುಟ ತೆಗೆದಳು. ಬರಹ ಕೆಡಲಿಲ್ಲ.

ಇನ್ನೊಂದು ವಿಷಯ, ಸಲ್ಲಿಸಿದ ಪ್ರಬಂಧ ಎಲ್ಲಿಗೆ ಹೋಗುತ್ತದೆ ಎಂಬುದು. 2008ರಲ್ಲಿ ಅಯೋವಾದಲ್ಲಿ ಪ್ರಬಂಧಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುವ ಸೂಚನೆ ಕಂಡಾಗ ಬರವಣಿಗೆಯ ವಿದ್ಯಾರ್ಥಿಗಳು ಗಟ್ಟಿಯಾಗಿ ಪ್ರತಿಭಟಿಸಿದರು. ಉಚಿತವಾಗಿ ಸಿಗುವ ಕಾದಂಬರಿಯನ್ನು ಪ್ರಕಾಶಕರು ಯಾಕೆ ತೆಗೆದುಕೊಳ್ಳುತ್ತಾರೆ ಎಂಬುದು ಅವರ ಮುಖ್ಯ ಚಿಂತೆ. ವಿಶ್ವವಿದ್ಯಾಲಯ ಹಿಂದೆ ಸರಿಯಬೇಕಾಯಿತು. ನಮ್ಮಲ್ಲಿ ಯುಜಿಸಿ 2009ರ ನಿಯಮಾವಳಿಯಿಂದಲೇ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದಿದೆ, ಅವು 'ಶೋಧಗಂಗಾ'ದಲ್ಲಿ ಸಿಗುತ್ತವೆ. ವಿಮರ್ಶಾ ಪ್ರಬಂಧಕ್ಕೆ ಇದು ಒಳ್ಳೆಯ ವ್ಯವಸ್ಥೆ. ಒಂದು ಮನೆಯ ಒಳಗುಟ್ಟು ಇರುವ ಬರಹಕ್ಕೆ ಅದೇ ನಿಯಮ ಹಾಕುವ ಮೊದಲು ಯೋಚಿಸಬೇಕು.

ನಮ್ಮಲ್ಲಿ ಏನಾಗಬೇಕು?

ಕನ್ನಡದಲ್ಲಿ ಸ್ವಾನುಭವದ ಬರಹಕ್ಕೆ ಬರವಿಲ್ಲ. ದೇವನೂರ ಮಹಾದೇವ ಅವರ 'ದ್ಯಾವನೂರು' ಬಂದದ್ದು 1973ರಲ್ಲಿ, ಅವರ ಇಪ್ಪತ್ತೈದರ ಆಸುಪಾಸಿನಲ್ಲಿ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ, ಅವರಿಗೆ ಇಪ್ಪತ್ತೊಂದರ ಹರೆಯ. ಅಂದರೆ ನಮ್ಮ ಎಂ.ಎ. ವಿದ್ಯಾರ್ಥಿಗಳ ವಯಸ್ಸು. 1994ರ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ದಲಿತ ಆತ್ಮಕಥನಕ್ಕೆ ಕನ್ನಡದಲ್ಲಿ ದಾರಿ ತೆರೆಯಿತು. ಇವತ್ತು ಈ ಕೃತಿಗಳ ಮೇಲೆ ಪ್ರಬಂಧ ಬರೆಯಬಹುದು, ಪದವಿ ಪಡೆಯಬಹುದು. ಅಂಥದ್ದೇ ಬದುಕಿನಿಂದ ಬಂದ ಹುಡುಗಿ ತನ್ನದನ್ನೇ ಬರೆಯುತ್ತೇನೆ ಅಂದರೆ ಮಾತ್ರ 'ಅದು ಸಂಶೋಧನೆ ಅಲ್ಲ' ಎನ್ನುತ್ತೇವೆ. ಮನೆಯಲ್ಲಿ ಮೊದಲ ಬಾರಿಗೆ ಎಂ.ಎ.ವರೆಗೆ ಬಂದವರಿಗೆ ಇದರ ಅರ್ಥ ಏನು? ನಿನ್ನಂಥವರ ಬಗ್ಗೆ ಬೇರೆಯವರು ಬರೆದದ್ದು ಜ್ಞಾನ, ನೀನು ಬರೆದರೆ ಬರೀ ಕತೆ.

ಇದಕ್ಕೆ ಹೊಸ ವಿಭಾಗ, ಹೊಸ ಕಟ್ಟಡ ಏನೂ ಬೇಡ. ಇರುವ ಪ್ರಾಜೆಕ್ಟ್ ಪತ್ರಿಕೆಯಲ್ಲೇ ಐದು ವಿಷಯ ಖಚಿತ ಮಾಡಿದರೆ ಸಾಕು.

ಒಂದು, ಸೃಜನಶೀಲ ಕೃತಿಯನ್ನೂ ಪ್ರಾಜೆಕ್ಟಾಗಿ ಸಲ್ಲಿಸಬಹುದು ಎಂಬ ಆಯ್ಕೆ ಇರಲಿ, ಕಡ್ಡಾಯ ಬೇಡ. ಜೊತೆಗೆ ಹತ್ತು ಹದಿನೈದು ಪುಟದ ವಿವರಣೆ ಇರಲಿ. ಏನು ಓದಿದೆ, ಯಾರನ್ನು ಮಾತಾಡಿಸಿದೆ, ಎಲ್ಲಿ ಕಲ್ಪಿಸಿದೆ ಎಂದು ವಿದ್ಯಾರ್ಥಿ ಅದರಲ್ಲಿ ಹೇಳಲಿ. ನಕಲು ಹೊಡೆಯುವವರಿಗೆ ಈ ಹದಿನೈದು ಪುಟ ದಾಟುವುದು ಕಷ್ಟ.

ಎರಡು, ಅಂಕ ಬರಹಕ್ಕೆ: ಭಾಷೆ, ರಚನೆ, ವಿವರಗಳ ನಿಖರತೆ, ಓದು, ತಿದ್ದಿದ ಕರಡುಗಳು. ಅನುಭವ ಎಷ್ಟು ಘೋರ ಎಂಬುದಕ್ಕೆ ಅಂಕ ಬೇಡ. ವೈವಾದಲ್ಲಿ 'ಇದೆಲ್ಲ ನಿಜವಾಗಿ ನಿನಗೆ ಆಗಿದ್ದಾ?' ಎಂದು ಕೆದಕುವುದೂ ಬೇಡ.

ಮೂರು, ಗುರುತು ಸಿಗುವ ಜನ ಬರಹದಲ್ಲಿದ್ದರೆ ಅವರಿಗೆ ಓದಿ ಹೇಳುವುದು, ಹೆಸರು ಮತ್ತು ಊರು ಬದಲಿಸುವುದು ಮಾರ್ಗದರ್ಶನದ ಭಾಗವಾಗಲಿ. ಹಿಂಸೆ ಮಾಡಿದವರ ಒಪ್ಪಿಗೆ ಕೇಳಿ ಎಂದು ಹಿಂಸೆ ಉಂಡವರಿಗೆ ಹೇಳುವಂತಿಲ್ಲ. ಅಲ್ಲಿ ವಿದ್ಯಾರ್ಥಿಯ ಸುರಕ್ಷತೆಯೇ ಮೊದಲು.

ನಾಲ್ಕು, ಪ್ರತಿಯನ್ನು ಎಷ್ಟು ವರ್ಷ ಮುಚ್ಚಿಡಬೇಕು, ಯಾರು ಓದಬಹುದು ಎಂದು ತೀರ್ಮಾನಿಸುವ ಹಕ್ಕು ಬರೆದವರಿಗಿರಲಿ.

ಐದು, ಭಾಷೆಯ ಪ್ರಶ್ನೆ. ಇಂಗ್ಲಿಷ್ ಎಂ.ಎ. ಓದುವವರು ಇಂಗ್ಲಿಷಿನಲ್ಲೇ ಬರೆಯಬೇಕೆಂದರೆ ಅವ್ವನ ಮಾತಿನ ಅರ್ಧ ಜೀವ ಅಲ್ಲೇ ಹೋಗುತ್ತದೆ. ಕನ್ನಡದಲ್ಲಿ ಕೃತಿ, ಇಂಗ್ಲಿಷಿನಲ್ಲಿ ವಿವರಣೆ ಎಂಬ ವ್ಯವಸ್ಥೆ ಯಾಕೆ ಸಾಧ್ಯವಿಲ್ಲ? ಉರ್ದು, ಲಂಬಾಣಿ, ತುಳು ಮನೆಮಾತಿನವರಿಗೂ ಇದೇ ಅವಕಾಶ ಸಿಗಬೇಕು.

ಎಲ್ಲರೂ ಮಾರ್ಗರೆಟ್ ವಾಕರ್ ಆಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನಿಜ. ವಿಮರ್ಶಾ ಪ್ರಬಂಧ ಬರೆದವರೆಲ್ಲ ಕೀರ್ತಿನಾಥ ಕುರ್ತಕೋಟಿ ಆಗಿಲ್ಲವಲ್ಲ, ಅದನ್ನೇನೂ ನಾವು ನಿಲ್ಲಿಸಿಲ್ಲ. ಪ್ರಾಜೆಕ್ಟಿನ ಉದ್ದೇಶ ಸಾಹಿತಿಗಳನ್ನು ತಯಾರಿಸುವುದೂ ಅಲ್ಲ. ಒಂದು ವಿಷಯವನ್ನು ಹಿಡಿದು ಹುಡುಕುವುದು, ಪ್ರಶ್ನಿಸುವುದು, ತಿದ್ದಿ ತಿದ್ದಿ ಬರೆಯುವುದು ಕಲಿಯಲಿ ಎಂಬುದಷ್ಟೇ. ಆ ವಿಷಯ ತನ್ನ ಮನೆಯ ಹೊಸ್ತಿಲೊಳಗೇ ಇದ್ದರೆ ಹುಡುಕಾಟ ಸುಲಭವಾಗುತ್ತದೆ ಎಂದೇನಿಲ್ಲ. ನಾನು ನೋಡಿದ ಮಟ್ಟಿಗೆ ಅದು ಹೆಚ್ಚು ಕಷ್ಟ. ಗ್ರಂಥಾಲಯದ ಪುಸ್ತಕ ನಮಗೆ ತಿರುಗಿ ಪ್ರಶ್ನೆ ಹಾಕುವುದಿಲ್ಲ. ಅವ್ವ ಹಾಕುತ್ತಾಳೆ.